ಬಾಣಲೆ ನಂದು, ಹೆಸರು ಅವರದು

ಸೊಪ್ಪು ತುಟ್ಟಿಯಾಗಬಹುದು, ಎಣ್ಣೆ ತುಟ್ಟಿಯಾಗಬಹುದು. ಅಡಿಗೆ ಮಾಡೋಳಿಗೆ ಅವಮಾನ ಮಾತ್ರ ಯಾವ ಕಾಲಕ್ಕೂ ಅಗ್ಗ.

ಎಪ್ಪತ್ತರ ದಶಕದಲ್ಲಿ ಧಾರವಾಡದ ಕಡೆಯಿಂದ ಬಂದು ಯಶವಂತಪುರದ ಒಂದು ವಠಾರ ಸೇರಿದ್ವಿ. ನಮ್ಮ ಮನೆಯವರು ಫ್ಯಾಕ್ಟರಿಯಲ್ಲಿ, ನಾನು ಆಫೀಸೊಂದರಲ್ಲಿ ಟೈಪಿಸ್ಟು. ಮನೇಲಿ ಅತ್ತೆ, ಮಕ್ಕಳು. ಸಂಜೆ ನಾನು ಬಸ್ಸಿಳಿದು ಬರೋಷ್ಟರಲ್ಲಿ ಎಲ್ಲರಿಗೂ ಹಸಿವು. ಇದ್ದದ್ದು ಒಂದು ಪಂಪ್ ಸ್ಟೋವು, ಒಂದು ಕಬ್ಬಿಣದ ಬಾಣಲೆ. ಬೇಗ ಆಗ್ಬೇಕು, ಅಗ್ಗದಲ್ಲಿ ಆಗ್ಬೇಕು, ರುಚಿಯಾಗೂ ಇರ್ಬೇಕು.

ನಾಷ್ಟಾ

ಒಂದು ಸಂಜೆ ಬದನೆಕಾಯಿ, ಆಲೂಗಡ್ಡೆ ಒಗ್ಗರಣೆಗೆ ಹಾಕಿ, ಅದಕ್ಕೇ ಅಕ್ಕಿ ಸುರಿದು ಮುಚ್ಚಿಟ್ಟು ಮಸಾಲೆ ಅನ್ನ ಮಾಡಿದೆ. ಅತ್ತೆ ಮತ್ತೆ ಮತ್ತೆ ಹಾಕಿಸ್ಕೊಂಡು ಉಂಡ್ರು. "ಚಲೋ ಆಗೇತವಾ" ಅಂದ್ರು. ಅವರ ಬಾಯಲ್ಲಿ ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರೇ ಬಂತು. ಅವರು ಕೈ ತೊಳೆದು, ಗೋಡೆಗೆ ಒರಗಿ ಕೂತು ಕೇಳಿದ್ರು:

"ನಾಷ್ಟಾ ಆತು. ಇನ್ನ ಊಟಕ್ಕ ರೊಟ್ಟಿ ಯಾವಾಗ ಬಡೀತಿ?"

ಉಪ್ಪು ನೋಡಿದ್ದು

ಸೀಮೆಎಣ್ಣೆ ಸಿಗದ ದಿನಗಳು. ಪಲ್ಯ ಅರ್ಧ ಬೆಂದಿತ್ತು, ಸ್ಟೋವ್ ಆರಿಹೋಯ್ತು. ಬಾಣಲೆ ಎತ್ಕೊಂಡು ವಠಾರದ ಓನರಮ್ಮನ ಸೌದೆ ಒಲೆಗೆ ಓಡಿದೆ. ಅವರು ಅಲ್ಲೇ ಹುಟ್ಟಿ ಬೆಳೆದ ಹಳೇ ಊರಿನವರು. "ಇಂಗೆ ಮಡಗೋಗವ್ವ, ನಾ ನೋಡ್ಕತೀನಿ" ಅಂದ್ರು. ಮಕ್ಕಳಿಗೆ ಕೈಕಾಲು ತೊಳೆಸಿ ವಾಪಸ್ ಹೋದ್ರೆ ಬಾಣಲೆಯ ತಳ ಕಾಣ್ತಿತ್ತು.

"ಉಪ್ಪು ಐತಾ ಅಂತ ನಾ ನೋಡ್ದೆ. ಗೊತ್ತಾಗ್ಲಿಲ್ಲ, ನಮ್ಮೆಜಮಾನ್ರು ನೋಡಿದ್ರು. ಆಮೇಕೆ ಸೊಸೇನೂ ನೋಡಿದ್ಲು."

"ಸರಿಯಾಗಿತ್ತಾ?" ಅಂದೆ, ಇನ್ನೇನು ಕೇಳೋದು?

"ಉಪ್ಪು ಸರಿಯಾಗೈತೆ. ಒಸಿ ಜಾಸ್ತಿ ಮಾಡ್ಬಾರ್ದಾ ತಾಯಿ?"

ಜುಣಕದ ಕೀರ್ತಿ

ನಮ್ಮ ಮನೆಯವರು ಹೇಳದೆ ಕೇಳದೆ ಫ್ಯಾಕ್ಟರಿಯ ಸ್ನೇಹಿತರೊಬ್ಬರನ್ನ ಊಟಕ್ಕೆ ಕರೆತಂದ್ರು. ಮನೇಲಿ ಈರುಳ್ಳಿ ಬಿಟ್ರೆ ಬೇರೆ ತರಕಾರಿ ಇರಲಿಲ್ಲ. ಈರುಳ್ಳಿ ಬಾಡಿಸಿ, ನೀರು ಕುದಿಸಿ, ಕಡ್ಲೆಹಿಟ್ಟು ಉದುರಿಸಿ ತಿರುವಿ ಜುಣಕ ಮಾಡಿದೆ. ಬೆಳಗಿನ ರೊಟ್ಟಿ ಇತ್ತು. ಬಂದವರು ಬೆರಳು ನೆಕ್ಕಿ ನೆಕ್ಕಿ ತಿಂದ್ರು.

ಮುಂದಿನ ವಾರ ಬಸ್‌ಸ್ಟಾಪಿನಲ್ಲಿ ಅವರ ಹೆಂಡತಿ ಸಿಕ್ಕರು. ಹೊಗಳ್ತಾರೇನೋ ಅಂತ ಸೆರಗು ಸರಿಮಾಡ್ಕೊಂಡೆ.

"ಏನ್ರೀ ಬಡಿಸಿ ಕಳಿಸಿದ್ರಿ? ತರಕಾರಿ ಇಲ್ದೆ ಅಡಿಗೆ ಮಾಡೋದನ್ನ ನಿಮ್ಮನ್ನ ನೋಡಿ ಕಲೀಬೇಕಂತೆ, ನಮ್ಮನೆಯವ್ರು ಹೇಳ್ತಾರೆ. ಅವತ್ತಿಂದ ಮನೆಗೊಂದು ಬೀನ್ಸ್ ತಂದಿಲ್ಲ ಕಣ್ರೀ!"

ದೇವರಂಥ ಗಂಡ

ಒಮ್ಮೆ ನನಗೆ ಕೆಂಡದಂಥ ಜ್ವರ. "ನೀ ಮಲಕೋ, ಇವತ್ತ ಉಪ್ಪಿಟ್ಟು ನಾ ಮಾಡ್ತೀನಿ" ಅಂದ್ರು ನಮ್ಮ ಮನೆಯವರು. ಮದುವೆಯಾದಮೇಲೆ ಮೊದಲನೇ ಸಲ ಅಂಥ ಮಾತು. ಕಣ್ಣು ಮುಚ್ಚಿದೆ.

"ರವಾ ಎಲ್ಲೈತಿ?"

ಹೇಳಿದೆ.

"ಸಾಸಿವಿ ಯಾವ ಡಬ್ಬ್ಯಾಗ?"

ಹೇಳಿದೆ.

"ಸ್ಟೋವ್ ಯಾಕ ಹತ್ತವಲ್ದು?"

ಮೂಲೆಯಿಂದ ಅತ್ತೆ ನಿಟ್ಟುಸಿರು ಬಿಟ್ರು: "ಪಾಪ, ನನ್ನ ಕೂಸು! ಇಡೀ ದಿನ ದುಡಿದು ಬಂದೇತಿ."

ಗೋಡೆ ಹಿಡ್ಕೊಂಡು ಎದ್ದೆ. ಸ್ಟೋವಿಗೆ ಪಿನ್ನು ಹಾಕಿ ಹತ್ತಿಸಿದೆ. ರವೆ ಹುರಿದೆ, ಈರುಳ್ಳಿ ಹೆಚ್ಚಿದೆ, ಒಗ್ಗರಣೆ ಹಾಕಿದೆ, ಕುದಿಯೋ ನೀರಿಗೆ ರವೆ ಸುರಿದೆ. ಅಷ್ಟರಲ್ಲಿ ತಲೆ ಗಿರ್ರಂತು. "ಇದನ್ನಾದ್ರೂ ತಿರುವ್ರೀ" ಅಂತ ಸೌಟು ಅವರ ಕೈಗೆ ಕೊಟ್ಟು ಚಾಪೆ ಮೇಲೆ ಬಿದ್ದೆ.

ಅದೇ ಹೊತ್ತಿಗೆ ನನ್ನನ್ನ ನೋಡೋಕೆ ಓನರಮ್ಮ ಬಂದ್ರು. ಕಂಡಿದ್ದೇನು? ಹೆಂಡತಿ ಮಲಗಿದ್ದಾಳೆ, ಗಂಡ ಸೌಟು ಹಿಡಿದು ನಿಂತಿದ್ದಾನೆ! ವಠಾರಕ್ಕೆಲ್ಲ ಕೇಳೋ ಹಾಗೆ ಶುರು ಮಾಡಿದ್ರು: "ದೇವರಂಥ ಗಂಡ ಕಣವ್ವ! ಏಳು ಜನ್ಮದ ಪುಣ್ಯ!"

"ಅದ್ರಾಗೇನೈತ್ರಿ, ಬಾಣಲಿಗೆ ಹಾಕಿ ಕೈಯಾಡಸೂದು" ಅಂದ್ರು ನಮ್ಮ ಮನೆಯವರು, ನಾಚಿಕೊಂಡು.

ಓನರಮ್ಮ ನನ್ನ ಕಡೆ ತಿರುಗಿದ್ರು. "ನೋಡ್ಕಂಡು ಮಲಗಿದ್ದೀಯಲ್ಲವ್ವ! ಎದ್ದು ಒಂದು ಲೋಟ ನೀರಾದ್ರೂ ಕೊಡು, ಪಾಪ, ಬೆವ್ತೋಗವ್ರೆ!"

ಎದ್ದು ಕೊಟ್ಟೆ. ಒಂದು ಗುಟುಕು ಕುಡಿದು ದೇವರಂಥ ಗಂಡ ಕೇಳಿದ್ರು:

"ತಣ್ಣಂದು ಇದ್ದಿದ್ದಿಲ್ಲೇನು?"