ಗಡಿಯ ಬಾವಿಗೊಂದು ಅರ್ಜಿ

ಹೈದರಾಬಾದಿನಲ್ಲಿ ಚೌಕಾಸಿಗೆ ನಿಂತು ಸೋತವರು ಬೇಕಾದಷ್ಟು ಜನ ಸಿಗುತ್ತಾರೆ. ತಮ್ಮ ಜೊತೆ ತಾವೇ ಚೌಕಾಸಿ ಮಾಡಿ ಸೋತವರು ನಮ್ಮ ಸೋದರಮಾವ ಒಬ್ಬರೇ!

ನನ್ನದು ಹಿಮಾಯತ್‌ನಗರದಲ್ಲಿ ಪರದೆ ಬಟ್ಟೆಯ ಅಂಗಡಿ. ಫುಟ್‌ಪಾತಿನ ಮೇಲೆ ಚಾದರ ಹಾಸಿ ಶುರು ಮಾಡಿದವನು. ಮಾವ ಸಿಕಂದರಾಬಾದಿನವರು, ಸರ್ಕಾರಿ ಲೆಕ್ಕ ತಪಾಸಣೆಯಿಂದ ನಿವೃತ್ತರು. ನಿವೃತ್ತರಾದವರು ಬೆಳಿಗ್ಗೆ ವಾಕಿಂಗ್ ಹೋಗಬೇಕು, ಮೊಣಕಾಲಿನ ಸುದ್ದಿ ಹೇಳಬೇಕು. ಇವರು ಒಂದು ಬಾವಿಗೆ ಗಂಟುಬಿದ್ದರು.

ಬಾವಿ ಇರುವುದು ಬೀದರ ಕಡೆಯ ಗಡಿಯಲ್ಲಿ. ಮೆಟ್ಟಿಲು ತೆಲಂಗಾಣದ್ದು, ನೀರು ಕರ್ನಾಟಕದ್ದು. ಗೋಡೆಯಲ್ಲೊಂದು ಹಳಗನ್ನಡದ ಶಾಸನದ ಕಲ್ಲು, ನೀರಿನ ಮೇಲೆ ಬಾಗಿದ ಈಚಲ ಮರದ ತುಂಬ ಗೀಜಗನ ಗೂಡು. ಗೋಡೆಯೊಳಗೆ ಅತ್ತಿಯ ಬೇರು ನುಗ್ಗಿ ಆ ಕಲ್ಲು ಮುಂದಕ್ಕೆ ವಾಲಿದೆ. ಇನ್ನೊಂದು ಜೋರು ಮಳೆಗಾಲ ಬಂದರೆ ನೀರಿಗೇ ಸರಿ. ದುರಸ್ತಿ ಮಾಡಿಸಿ ಎಂದು ಮಾವ ಕೇಳಿದರೆ ಈ ಕಡೆಯ ಸಾಹೇಬರು ನೀರು ನಮ್ಮದಲ್ಲ ಎಂದರು, ಆ ಕಡೆಯವರು ಮೆಟ್ಟಿಲು ನಮ್ಮದಲ್ಲ ಎಂದರು. ಎರಡು ವರ್ಷ ಹೀಗೇ ಹೋಯಿತು. ಭಾನುವಾರ ಬಂತೆಂದರೆ ಬಸ್ಸು, ಬಾವಿ, ಬುತ್ತಿ. ಜೊತೆಗೆ ಯಾರು? ನಾನೇ. ಆರು ದಿನ ಬಟ್ಟೆ ಅಳೆಯುವ ಮೀಟರು ಹಿಡಿದವನ ಏಳನೆಯ ದಿನದ ಗತಿ ಇದು.

ಕೊನೆಗೆ ಗಡಿಭಾಗದ ಪ್ರಕೃತಿ, ಸಂಸ್ಕೃತಿ ಉಳಿಸಲು ಅನುದಾನ ಕೊಡುವ ಸಂಸ್ಥೆಯೊಂದರ ಅರ್ಜಿ ಸಿಕ್ಕಿತು. ಪ್ರಕೃತಿಗೂ ಸಂಸ್ಕೃತಿಗೂ ಅಲ್ಲಿ ಎಂಥ ಸಂಬಂಧವಿದೆ ಎಂದು ಒಂದು ಕಡೆ ಕೇಳಿದ್ದರು. ಮಾವ ಪ್ರಾಮಾಣಿಕವಾಗಿ ಬರೆದರು: ‘ಜಗಳ ನಡೆದಿದೆ. ಸದ್ಯಕ್ಕೆ ಬೇರು ಗೆಲ್ಲುತ್ತಿದೆ.’

ಕಲ್ಲುಕೆಲಸದವನು ಆರು ಲಕ್ಷವಾಗುತ್ತದೆ ಎಂದಿದ್ದ. ನಾನು ಬುದ್ಧಿ ಹೇಳಿದೆ. ನಿಮಗೂ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಕೊಡುವವನು ಅರ್ಧ ಮಾಡಲಿಕ್ಕೇ ಕೂತಿರುತ್ತಾನೆ, ಆದ್ದರಿಂದ ಕೇಳುವವನು ದುಪ್ಪಟ್ಟು ಕೇಳಬೇಕು. ಹನ್ನೆರಡು ಬರೆಯಿರಿ ಎಂದೆ. ಮಾವ ಕನ್ನಡಕದ ಮೇಲಿಂದ ನೋಡಿದರು.

“ಸೌಕಾರ, ಇದು ನಿನ್ನ ಪರದೆ ಅಲ್ಲಪಾ.”

ಆಮೇಲೆ ಕೆಂಪು ಪೆನ್ನು ತೆಗೆದರು. ಸುಣ್ಣದಲ್ಲಿ ಇಷ್ಟು ಹೆಚ್ಚು, ಸಾಗಣೆಯಲ್ಲಿ ಅಷ್ಟು ಹೆಚ್ಚು ಎಂದು ಗೊಣಗುತ್ತ ತಮ್ಮದೇ ಅಂದಾಜುಪಟ್ಟಿಗೆ ಗೀಟು ಎಳೆದರು. ಆರು ಲಕ್ಷ ನಾಲ್ಕೂಮುಕ್ಕಾಲಿಗೆ ಇಳಿಯಿತು. ಪಕ್ಕದಲ್ಲಿ ಸಹಿ ಬೇರೆ! ಮೇಲಿನವರು ತಮ್ಮ ಶಿಸ್ತು ಮೆಚ್ಚುತ್ತಾರೆಂದು ಅವರ ನಂಬಿಕೆ.

ನಾಲ್ಕು ತಿಂಗಳಿಗೆ ಉತ್ತರ ಬಂತು. ಐದು ಲಕ್ಷಕ್ಕಿಂತ ಕಡಿಮೆಯ ಕೆಲಸವನ್ನು ಆ ಸಂಸ್ಥೆ ನೋಡುವುದೇ ಇಲ್ಲವಂತೆ. ಅರ್ಜಿ ತಿರಸ್ಕೃತ.

ಮುಂದಿನ ಭಾನುವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾವನನ್ನು ಬೈದೆ. ಬೈದು ಬೈದು ನನಗೇ ಸುಸ್ತಾಯಿತು. ಬಾವಿಯ ಮೆಟ್ಟಿಲ ಮೇಲೆ ಕೂತ ಮೇಲೆ ಅವರು ಮೆಲ್ಲಗೆ ಅಂದರು.

“ಮೂವತ್ತು ವರ್ಷ ಮಂದಿ ಎಸ್ಟಿಮೇಟ್ ಕಡದೀನಿ. ಒಂದ್ ಊರಾಗ ಸಾಲಿ ಗ್ವಾಡಿಗೆ ಕೇಳಿದ್ರು, ಅದನ್ನೂ ಕಡದೆ. ಅಷ್ಟರಾಗ ಆಗಂಗಿಲ್ಲಂತ ಅವರು ಕಟ್ಟಲೇ ಇಲ್ಲ. ಈಗ ನನ್ನ ಬಾವಿ ಅಂದಕೂಡ್ಲೆ ಪೂರಾ ಕೇಳಬೇಕಂದ್ರ, ಕೈ ಏಳವಲ್ಲದು.”



ಅವರು ಚೀಲದಿಂದ ಅದೇ ಸಂಸ್ಥೆಯ ಹೊಸ ಅರ್ಜಿ ತೆಗೆದರು, ಕೆಂಪು ಪೆನ್ನಲ್ಲ, ನೀಲಿ ಪೆನ್ನು ಕೊಟ್ಟರು.

“ಅಂಕಿ ನೀ ಬರಿ. ನಾ ನೋಡಂಗಿಲ್ಲ.”

ನನ್ನ ಪದ್ಧತಿಯಂತೆ ಹನ್ನೆರಡು ಬರೆಯಬೇಕಿತ್ತು. ಆರು ಬರೆದೆ, ಆರೇ. ತಲೆಯೆತ್ತಿದರೆ ಮಾವ ನನಗೆ ಬೆನ್ನು ಹಾಕಿ ನಿಂತಿದ್ದರು. ಉತ್ತರ ಬರುವವರೆಗೆ ತಾವೇ ಹಿಡಿದಿರುವವರಂತೆ, ಎರಡೂ ಅಂಗೈಗಳನ್ನು ಆ ವಾಲಿದ ಕಲ್ಲಿಗೆ ಒತ್ತಿ.