ಲಂಗರು ಬಂದ ಮನೆ

ಬನಹಟ್ಟಿಯ ಸಾವಕ್ಕನಿಗೆ ಗಂಡನ ಮೇಲೆ ಬೇಕಾದಷ್ಟು ತಕರಾರುಗಳಿದ್ದವು. ಆದರೆ ಅವೆಲ್ಲ ನೆಲದ ಮೇಲಿನ ತಕರಾರುಗಳು. ಚಹಾದ ಕಪ್ಪನ್ನು ಕುಡಿದಲ್ಲೇ ಬಿಡುವುದು, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವುದು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕಿಸುವುದು, ಇಂಥವು. ನೀರಿನ ಮೇಲಿನ ತಕರಾರು ಶುರುವಾದದ್ದು ವಿಠೋಬಾ ಹಾಯಿದೋಣಿ ತಂದ ಮೇಲೆ.

ವಿಠೋಬಾ ಆಯುಷ್ಯವೆಲ್ಲ ಮಗ್ಗದ ಖಟಾಖಟಿಯಲ್ಲಿ ಕಳೆದ ಮನುಷ್ಯ. ಮಗ್ಗಗಳನ್ನು ಮಗ ಮಾಂತೇಶನ ಕೈಗೆ ಕೊಟ್ಟ ಮೇಲೆ ಕಿವಿಗೆ ಸದ್ದು ಕಡಿಮೆಯಾಯಿತು, ಕೈಗೆ ಕೆಲಸ ಕಡಿಮೆಯಾಯಿತು, ಮೊಬೈಲು ಮಾತ್ರ ಹೆಚ್ಚಾಯಿತು. ಅದರೊಳಗೆ ಯಾರೋ ಪುಣ್ಯಾತ್ಮರು ಬಿಳಿ ಹಾಯಿ ಬಿಚ್ಚಿಕೊಂಡು ಸಮುದ್ರದ ಮೇಲೆ ತೇಲುವುದನ್ನು ನೋಡನೋಡುತ್ತ ಅವನಿಗೆ ಹುಚ್ಚು ಹತ್ತಿತು. ಒಂದು ದಿನ ಗೋವಾದ ಕಡೆಯಿಂದ ಬಂದ ಹಳೆಯ ಹಾಯಿದೋಣಿಯೊಂದು ಕಬ್ಬಿನ ಟ್ರೇಲರಿನಲ್ಲಿ ಅಂಗಾತ ಮಲಗಿಕೊಂಡು ಓಣಿಯನ್ನು ಪ್ರವೇಶಿಸಿತು. (ಮದುಮಗನ ಮೆರವಣಿಗೆಗೂ ಅಷ್ಟು ಜನ ಸೇರಿರಲಿಲ್ಲ.)

"ಇಷ್ಟ ದೊಡ್ಡ ಗ್ವಾದಲಿ ಯಾಕ ತಂದ್ರಿ? ನಮ್ಮ ಮನ್ಯಾಗ ಎಮ್ಮಿನ ಇಲ್ಲಲಾ!" ಎಂದಳು ಸಾವಕ್ಕ.

"ಗ್ವಾದಲಿ ಅಲ್ಲಬೇ ಇದು. ಹಾಯಿದೋಣಿ. ಗಾಳಿ ಮ್ಯಾಲ ಹೊಕ್ಕೈತಿ."

"ಗಾಳಿ ಮ್ಯಾಲ ಹೋಗೂದಿದ್ರ ಟ್ರ್ಯಾಕ್ಟರ ಯಾಕ ಬೇಕಾತು?"

ವಿಠೋಬಾ ಮಗ್ಗದ ಶೆಡ್ಡಿನಲ್ಲಿ ಹಾಯಿಯನ್ನು ಹಾಸಿ, ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕುಳಿತ. "ಇಷ್ಟ ವರ್ಷ ಬಟ್ಟಿ ನೇಯ್ದೆ, ಸಾವಕ್ಕ. ಎಲ್ಲಾ ಬಟ್ಟಿ ಗಂಟ ಕಟಿಗೊಂಡು ಊರ ಬಿಟ್ಟು ಹೋತು, ನಾ ಇಲ್ಲೇ ಉಳದೆ. ನನ್ನ ಕರಕೊಂಡ ಹೋಗೂ ಬಟ್ಟಿ ಇದೊಂದ ನೋಡು" ಎಂದ. ಆ ಮಾತಿಗೆ ಸಾವಕ್ಕ ಒಳಗೆ ಹೋಗಿ ಅವನಿಗೊಂದು ಕಪ್ಪು ಚಹಾ ತಂದಿಟ್ಟಳು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ನಿಲ್ಲಲಿಲ್ಲ. ದೋಣಿಯನ್ನು ರಬಕವಿಯ ಕೃಷ್ಣಾ ಹೊಳೆಯ ದಂಡೆಗೆ ಸಾಗಿಸಿದ ಮೇಲೆ ಮನೆಗೆ ಪಾರ್ಸೆಲ್ಲುಗಳ ಮಹಾಪೂರ ಬಂತು. ಪಾರ್ಸೆಲ್ ತರುವವನು ಬಾಗಿಲು ಬಡಿಯುವುದನ್ನೂ ಬಿಟ್ಟು ನೇರವಾಗಿ ಪಡಸಾಲೆಗೆ ಬಂದು, ನೀರು ಕುಡಿದು, ಪೆಟ್ಟಿಗೆ ಇಟ್ಟು ಹೋಗತೊಡಗಿದ. ಮುಳುಗದ ಕಿತ್ತಳೆ ಬಣ್ಣದ ಜಾಕೀಟು ಎರಡು. ನೀರು ಒಳಗಿಳಿಯದ ಚೀಲ. ದೋಣಿಯಲ್ಲಿ ತುಂಬಿದ ನೀರನ್ನು ಹೊರಗೆ ಹಾಕುವ ಕೈಪಂಪು. ಕೊಳೆಯದ, ಹರಿಯದ ನೀಲಿ ಹಗ್ಗದ ಸುರುಳಿ. ದುರ್ಬೀನು. ದಿಕ್ಕು ತೋರಿಸುವ ಯಂತ್ರ. ಗುಂಡಿ ಒತ್ತಿದರೆ ಲಾರಿ ಮೈಮೇಲೆ ಬಂದಂತೆ ಕಿರುಚುವ ಕೊಂಬು. ಗಾಳಿಯ ವೇಗ ಅಳೆಯುವ ತಿರುಗಣಿ. (ಈ ತಿರುಗಣಿಯನ್ನು ವಿಠೋಬಾ ಉಣ್ಣುವಾಗ ಫ್ಯಾನಿನ ಕೆಳಗೆ ಹಿಡಿದು, "ಇವತ್ತ ಫ್ಯಾನ ಜೋರ ಇಲ್ಲ" ಎಂದು ವರದಿ ಕೊಡುತ್ತಿದ್ದ.) ಕೊನೆಗೆ ನಾಲ್ಕು ಕೊಕ್ಕೆಗಳ, ಮಡಚಿದರೆ ಛತ್ರಿಯಂತಾಗುವ ಕಬ್ಬಿಣದ ಲಂಗರು.

"ಇದನ್ನ ನೀರಾಗ ಬಿಟ್ರ ದೋಣಿ ಜಾಗಾ ಬಿಟ್ಟು ಅಳ್ಳಾಡೂದಿಲ್ಲ" ಎಂದು ವಿಠೋಬಾ ವಿವರಿಸಿದ.

"ನಿಮಗೊಂದ ಹಾಕ್ಬೇಕಿತ್ತು" ಎಂದಳು ಸಾವಕ್ಕ.

ಅವಳು ಬೈದಳು ನಿಜ, ಆದರೆ ಮನೆಗೆ ಬಂದ ವಸ್ತುವನ್ನು ಸುಮ್ಮನೆ ಕೂರಿಸುವ ಹೆಂಗಸಲ್ಲ. ನೀರಿಳಿಯದ ಚೀಲದಲ್ಲಿ ಮಳೆಗಾಲದ ಶಾವಿಗೆ ತುಂಬಿಟ್ಟಳು. ಮೆತ್ತಗಾಗಲಿಲ್ಲ. ಕೈಪಂಪಿನಿಂದ ಹಿತ್ತಲಿನ ನೀರಿನ ತೊಟ್ಟಿಯ ತಳದ ರಾಡಿ ಎಳೆದಳು. ಹನಿ ಉಳಿಯಲಿಲ್ಲ. ನೀಲಿ ಹಗ್ಗ ಮಾಳಿಗೆಯ ಮೇಲೆ ಸೀರೆ ಒಣಗಿಸಲು ಏರಿತು. ಕೊಂಬಿನ ಒಂದೇ ಕೂಗಿಗೆ, ಮಾಳಿಗೆಗೆ ನುಗ್ಗುತ್ತಿದ್ದ ಮಂಗಗಳು ಪಕ್ಕದೂರು ತೇರದಾಳದ ದಿಕ್ಕಿಗೆ ಓಡಿಹೋದವು ಎಂದು ಓಣಿಯವರು ಹೇಳುತ್ತಾರೆ. ಆ ದಿನದಿಂದ ಕೊಂಬು ಅವಳ ಕೈಚೀಲದಲ್ಲೇ ಇತ್ತು.

ಲಂಗರಿನ ಕತೆ ಬೇರೆ. ಪಕ್ಕದ ಮನೆಯ ಯಲ್ಲವ್ವನ ಕೊಡ, ವಿಠೋಬಾ ಹೊಳೆದಂಡೆಗೆ ಹೋಗಿದ್ದ ಒಂದು ದಿನ, ಓಣಿಯ ಸೇದೋ ಬಾವಿಗೆ ಬಿತ್ತು. ಬಾವಿಗೆ ಬಿದ್ದ ಕೊಡವನ್ನು ಕೊಕ್ಕೆ ಹಾಕಿ ಎತ್ತುವ ಪಾತಾಳಗರಡಿ ಹಿಂದೆ ಮನೆಮನೆಗೂ ಇರುತ್ತಿತ್ತು. ಈಗ ಹುಡುಕಿದರೆ ಓಣಿಯಲ್ಲೇ ಒಂದಿಲ್ಲ. ಯಲ್ಲವ್ವ ಹಲಬುತ್ತ ಬಂದವಳು ಮೂಲೆಯಲ್ಲಿದ್ದ ಲಂಗರನ್ನು ಕಂಡಳು.

"ಯವ್ವಾ, ಸಾವಕ್ಕಾ! ಪಾತಾಳಗರಡಿ ಇಟಗೊಂಡು ಸುಮ್ನ ಕುಂತೀಯಲ್ಲ!"

ಸಾವಕ್ಕ ಅದನ್ನು ಈ ಕಡೆ ತಿರುಗಿಸಿ ನೋಡಿದಳು, ಆ ಕಡೆ ತಿರುಗಿಸಿ ನೋಡಿದಳು. ಗಂಡ ಏನೇ ಹೆಸರಿಡಲಿ, ಅದು ಪಾತಾಳಗರಡಿಯೇ. "ತಗೊಂಡ ಹೋಗು. ಕೆಲಸ ಆದ ಮ್ಯಾಲ ತಂದ ಕೊಡು" ಎಂದಳು. ಯಲ್ಲವ್ವನ ಕೊಡ ಬಂತು. ಅದರ ಜೊತೆಗೆ ಯಾರದೋ ಬಕೀಟು, ಹಿಂದೆಂದೋ ಬಿದ್ದ ಹಿತ್ತಾಳೆಯ ಚೊಂಬು ಎಲ್ಲ ಬಂದವು. ಲಂಗರಿನ ಕೀರ್ತಿ ಹಬ್ಬಿತು. ಹಬ್ಬಿದ ಮೇಲೆ ಅದು ಮನೆಗೆ ಬರುವುದೆಲ್ಲಿ?

ಅಷ್ಟರಲ್ಲಿ ಹೊಳೆಯಾಚೆಯ ಊರಿನಿಂದ ಸಾವಕ್ಕನ ಅಕ್ಕ ಸುಂದರವ್ವನ ಫೋನು ಬಂತು. ಮಗಳು ಸ್ನೇಹಾಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಆರತಿ ಎತ್ತುವ ಆ ದಿನದ ಸೀರೆ ಚಿಕ್ಕವ್ವನ ಮಗ್ಗದ್ದೇ ಆಗಬೇಕೆಂದು ಸ್ನೇಹಾ ಹಟ ಹಿಡಿದಿದ್ದಳು. ಮಾಂತೇಶ ಅಂಥ ಸೀರೆ ನೇಯ್ದೂ ಇಟ್ಟಿದ್ದ. ಆದರೆ ಸುಂದರವ್ವ ಫೋನಿಡುವ ಮುಂಚೆ ಒಂದು ಮಾತು ಅಂದಳು: "ಹೊತ್ತಿಗಿ ಸರಿಯಾಗಿ ಬಾ ಬೇ. ಸ್ನೇಹಾನ ಲಗ್ನದಾಗೂ ಅಕ್ಕಿಕಾಳ ಹಾಕೂದ ಮುಗದ ಮ್ಯಾಲ ಬಂದಿ. ನಿಮ್ಮ ತಂಗಿ ಊಟದ ಹೊತ್ತಿಗಿ ಮಾತ್ರ ತಪ್ಪೂದಿಲ್ಲ ಅಂತ ಬೀಗರು ಈಗೂ ನಗತಾರ."

ಆ ಮಾತು ಸಾವಕ್ಕನಿಗೆ ಮುಳ್ಳಿನ ಹಾಗೆ ನಟ್ಟಿತು. ಈ ಸಲ ಎಲ್ಲರಿಗಿಂತ ಮೊದಲು ಹೋಗಿ, ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ತಾನೇ "ಯಾಕ ಇಷ್ಟ ತಡಾ?" ಎಂದು ಕೇಳಬೇಕು ಎಂದುಕೊಂಡಳು.

"ರಸ್ತೆದಾಗ ಸುತ್ತ ಹೊಡದ ಹೋದ್ರ ಅರ್ಧಾ ದಿನ ಹಾಳು. ನಾಡದೋಣ್ಯಾಗ ಹೋಗೂಣು" ಎಂದಳು.

ವಿಠೋಬಾನ ಮುಖ ಕೆಂಪಾಯಿತು. "ಸ್ವಂತ ದೋಣಿ ಇದ್ದಾಂವ ಮಂದಿ ದೋಣ್ಯಾಗ ಕುಂತ್ರ ಹೊಳಿ ನಗತೈತಿ."

ಆ ಮುಂಜಾನೆ ಸಾವಕ್ಕ ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಜಾಕೀಟು ತೊಟ್ಟು, ಕಡಬು, ಕರ್ಚಿಕಾಯಿ, ಶೇಂಗಾ ಹೋಳಿಗೆಯ ಬುಟ್ಟಿಯನ್ನು ಕಾಲಸಂದಿಯಲ್ಲಿಟ್ಟು, ಹಸಿರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಕೂತಳು. ವಿಠೋಬಾ ದಿಕ್ಕಿನ ಯಂತ್ರ ನೋಡಿ ಗಂಭೀರವಾಗಿ, "ಉತ್ತರಕ್ಕ ಹೋಗೂಣು" ಎಂದ.

"ಅಕ್ಕನ ಮನಿ ಮ್ಯಾಲಿನ ನೀರಿನ ಟಾಕಿ ಇಲ್ಲಿಂದನ ಕಾಣತೈತಿ. ಯಂತ್ರ ಯಾಕ್ರಿ?"

ಆದರೆ ಹಾಯಿ ಬಿಚ್ಚಿದೊಡನೆ ಗಾಳಿ ತುಂಬಿತು. ದೋಣಿ ಸದ್ದಿಲ್ಲದೆ ಜಾರಿತು. ಮಗ್ಗದ ಮನೆಗೆ ಸೊಸೆಯಾಗಿ ಬಂದಂದಿನಿಂದ ಸಾವಕ್ಕ ಅಷ್ಟು ನಿಶ್ಶಬ್ದವಾಗಿ ಎಲ್ಲಿಗೂ ಹೋಗಿರಲಿಲ್ಲ. ಮುಖಕ್ಕೆ ತಂಪು ಗಾಳಿ ಬಡಿಯಿತು, ನಗು ಬಂತು. ಗಂಡ ನೋಡಿಯಾನೆಂದು ಸೆರಗು ಅಡ್ಡ ಹಿಡಿದಳು.

ನಡುಹೊಳೆಗೆ ಬಂದಾಗ ಗಾಳಿ ನಿಂತಿತು. ಸೋತು ಬಂದ ಪೈಲವಾನನ ಧೋತರದ ಹಾಗೆ ಹಾಯಿ ಜೋತುಬಿತ್ತು. ದೋಣಿ ಮೆಲ್ಲಗೆ ಹರಿವಿನ ಜೊತೆ ಹೊರಟಿತು. ಅಕ್ಕನ ಮನೆಯ ಟಾಕಿ ಪಕ್ಕಕ್ಕೆ ಸರಿಯತೊಡಗಿತು.

"ಹೆದರಬ್ಯಾಡ. ಇಂಥಾ ಹೊತ್ತಿಗೇನ ಸಾಮಾನ ತಗೊಂಡಿದ್ದು. ಲಂಗರ ಹಾಕಿದ್ರ ದೋಣಿ ನಿಂತ ಬಿಡ್ತೈತಿ, ಗಾಳಿ ಬಂದ ಮ್ಯಾಲ ಹೋಗೂಣು" ಎನ್ನುತ್ತ ವಿಠೋಬಾ ಸಾಮಾನಿನ ಪೆಟ್ಟಿಗೆಯ ಮುಚ್ಚಳ ತೆಗೆದ.

ಪೆಟ್ಟಿಗೆಯಲ್ಲಿ ದುರ್ಬೀನು ಒಂದೇ ಇತ್ತು.

"ಲಂಗರ?"

ಸಾವಕ್ಕ ನೀರನ್ನು ನೋಡಿದಳು.

"ಹಗ್ಗ?"

ಆಕಾಶವನ್ನು ನೋಡಿದಳು.

"ತಳದಾಗ ನೀರ ಬರಾಕತ್ತೇತಿ. ಪಂಪರ ಎಲ್ಲಿ ಹೋತು?"

ನೋಡಲು ಉಳಿದದ್ದು ಬುಟ್ಟಿ ಒಂದೇ. ಅದನ್ನು ನೋಡಿದಳು.

ವಿಠೋಬಾ ಪೆಟ್ಟಿಗೆಯ ಮುಂದೆ ಕುಕ್ಕರಿಸಿದ. ಸಿಟ್ಟಾಗಿದ್ದರೆ ಅವಳೂ ಎದುರು ಜಗಳಕ್ಕೆ ನಿಲ್ಲುತ್ತಿದ್ದಳು. ಅವನು ಹಣೆ ಒರೆಸಿಕೊಂಡು, "ಎಲ್ಲಾ ಪೆಟಗ್ಯಾಗ ತುಂಬೀನಂತ ಅನ್ಕೊಂಡಿದ್ನಿ. ಮರತೇನಿ ಕಾಣ್ತೈತಿ. ವಯಸ್ಸಾತು, ನೆನಪ ಉಳಿಯವಲ್ದು" ಎಂದ. ಸಾವಕ್ಕನ ನಾಲಿಗೆಯ ತುದಿಗೆ ಮಾತು ಬಂದು, ಯಲ್ಲವ್ವನ ಮುಖ ನೆನಪಾಗಿ, ತಿರುಗಿ ಒಳಗೆ ಹೋಯಿತು.

ದೋಣಿ ತೇಲುತ್ತ ಹೋಗಿ ಆಚೆ ದಂಡೆಗೆ ಕೂಗಳತೆಯಲ್ಲಿ ಕೆಸರಿನ ದಿಬ್ಬಕ್ಕೆ ಕುಂಡಿ ಊರಿ ಕೂತಿತು. ಇಳಿದು ನಡೆಯೋಣವೆಂದರೆ ಸೊಂಟದವರೆಗೆ ಕೆಸರು. ಸಾವಕ್ಕ ಕೈಚೀಲದಿಂದ ಕೊಂಬು ತೆಗೆದು ಒತ್ತಿದಳು. ಹೊಳೆಯ ಎರಡೂ ದಂಡೆಗಳ ನಾಯಿಗಳು ಬೊಗಳಿದವು. ಕುಬಸದ ಮನೆಯ ಹೆಂಗಸರೆಲ್ಲ ದಂಡೆಗೆ ಓಡಿ ಬಂದರು. ಮುಂದೆ ಸುಂದರವ್ವ.

ಮೀನು ಹಿಡಿಯುವ ಲಗಮಪ್ಪ ಪುಟ್ಟ ಹರಗೋಲು ತಿರುಗಿಸುತ್ತ ಬಂದ. "ಹರಗೋಲಿನ ತುಂಬ ಮೀನಿನ ಬಲಿ ಐತ್ರಿ ಯಕ್ಕಾ. ಒಂದೋ ನೀವ ಬರ್ರಿ, ಇಲ್ಲಾ ಬುಟ್ಟಿ ಕೊಡ್ರಿ" ಎಂದ.

ಸಾವಕ್ಕ ಏಳುವಷ್ಟರಲ್ಲಿ ದಂಡೆಯಿಂದ ಅಕ್ಕನ ಕಂಠ ಮೊಳಗಿತು: "ಏ ಲಗಮಪ್ಪಾ, ಹೊತ್ತ ಮೀರಾಕತ್ತೇತಿ! ಮೊದಲ ಸೀರಿ ತಾ! ಬುಟ್ಟಿ ತಾ! ಆಕಿನ್ನ ಆಮ್ಯಾಲ ತರಾಕ ಬರ್ತೈತಿ!"

ಸೀರೆ ಹೋಯಿತು, ಬುಟ್ಟಿ ಹೋಯಿತು. ಸಾವಕ್ಕ ಉಳಿದಳು.

ಲಗಮಪ್ಪ ಈಗ ಬಂದಾನು, ಆಗ ಬಂದಾನು ಎಂದು ಕಾದರು. ಬರಲಿಲ್ಲ. ತಡೆಯಲಾರದೆ ಸಾವಕ್ಕ ಪೆಟ್ಟಿಗೆಯಿಂದ ದುರ್ಬೀನು ತೆಗೆದು ಕಣ್ಣಿಗೆ ಹಚ್ಚಿದಳು. ಅಕ್ಕನ ಅಂಗಳ ಮೂಗಿನ ಮುಂದೆಯೇ ಬಂದು ನಿಂತಿತು. ಹಸಿರು ಸೀರೆಯಲ್ಲಿ ಸ್ನೇಹಾ ಹೊಳೆಯುತ್ತಿದ್ದಳು. ಸಾವಕ್ಕನ ಕಣ್ಣು ತುಂಬಿ ಗಾಜು ಮಂಜಾಯಿತು. ಸೆರಗಿನಿಂದ ಒರೆಸಿ ಮತ್ತೆ ಹಚ್ಚಿದಳು.

"ನನಗೀಟ ಕೊಡ" ಎಂದ ವಿಠೋಬಾ.

"ತಡೀರಿ, ಆರತಿ ಎತ್ತಾಕತ್ತಾರ." ಸ್ವಲ್ಪ ಹೊತ್ತಿಗೆ, "ತಡೀರಿ, ಪಂಗತಿ ಕುಂತಾರ." ಆಮೇಲೆ ಚೀರಿದಳು: "ಅಯ್ಯ, ಲಗಮಪ್ಪ ಉಣ್ಣಾಕ ಕುಂತಾನ! ನನ್ನ ಕಡಬು! ಎರಡನೇ ಸಲ ತುಪ್ಪ ಹಾಕಸಗೊಳ್ಳಾಕತ್ತಾನಲ್ರಿ!"

ಶುಭಕಾರ್ಯಕ್ಕೆ ಸೀರೆ ಹೊತ್ತು ತಂದವನನ್ನು ಉಣಿಸದೆ ಕಳಿಸುವ ಪದ್ಧತಿ ಆ ಊರಲ್ಲಿಲ್ಲ. ಅವನು ಉಂಡು, ಎಲೆಯಡಿಕೆ ಹಾಕಿಕೊಂಡು, ಇವರನ್ನು ದಂಡೆಗೆ ಮುಟ್ಟಿಸುವ ಹೊತ್ತಿಗೆ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದರು. ಸುಂದರವ್ವ ತಂಗಿಯನ್ನು ಮೇಲಿನಿಂದ ಕೆಳಗೆ, ಕಿತ್ತಳೆ ಜಾಕೀಟಿನ ಸಮೇತ ನೋಡಿದಳು.

"ಮೊದಲೆಲ್ಲಾ ಊಟಕ್ಕರ ಹೊತ್ತಿಗಿ ಬರ್ತಿದ್ದಿ ಬೇ. ಈಗ ಅದನ್ನೂ ಬಿಟ್ಟಿ?"

ಎಲ್ಲರೂ ನಕ್ಕರು. ವಿಠೋಬಾ ಮಾತ್ರ ಕೈ ಮುಗಿದು, "ತಪ್ಪ ನಂದವ್ವ. ಆಕಿ ಪಾಪ ಏನ ಮಾಡ್ತಾಳ? ನಾನ ಲಂಗರ ಮರತ ಬಂದೆ" ಎಂದ. ಸಾವಕ್ಕನಿಗೆ ಅನಿಸಿತು, ಕೆಸರಿನಲ್ಲಿ ಇಳಿದು ನಡೆದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ವಿಠೋಬಾ ಮೊಬೈಲಿನಲ್ಲಿ ದೋಣಿಗಳನ್ನು ನೋಡುವುದನ್ನು ಬಿಟ್ಟ. ಕೆಸರಿನಿಂದ ಎಳೆಸಿ ತಂದ ದೋಣಿಯನ್ನು ಮಾರುತ್ತೇನೆಂದ. ಮುಧೋಳದ ಕಡೆಯ ಕಬ್ಬಿನ ಜಮೀನುದಾರ ಮುರಗೆಪ್ಪನವರು ಕೊಳ್ಳಲು ಬಂದರು. ಚಹಾ ಕುಡಿದು, "ದೋಣಿ ನೋಡೇನ್ರಿ, ಪಸಂದ ಐತಿ. ಸಾಮಾನ ಎಲ್ಲಾ ಜೊತಿಗಿ ಬರಬೇಕ ಮತ್ತ" ಎಂದರು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಸಾವಕ್ಕನ ಕೈ ನಿಂತಿತು. ಎಲ್ಲಾ ಎಂದರೆ? ಶಾವಿಗೆಯ ಚೀಲ? ಮಂಗಗಳ ಕೊಂಬು? ಹಗ್ಗ ಹೋದರೆ ಸೀರೆಗಳೆಲ್ಲಿ ಒಣಗಬೇಕು? ತೊಟ್ಟಿಯ ರಾಡಿಯನ್ನು ಯಾರು ಎಳೆಯಬೇಕು? ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ದೋಣಿ ಒಯ್ರಿ. ಸಾಮಾನ ಮನ್ಯಾಗಿರ್ಲಿ."

"ಅಲ್ಲ ತಾಯಿ, ದೋಣಿ ಇಲ್ದ ಮನ್ಯಾಗ ಲಂಗರ ಏನ ಮಾಡ್ತೀರಿ?" ಎಂದು ಮುರಗೆಪ್ಪನವರು ಕಣ್ಣರಳಿಸುತ್ತಿದ್ದಂತೆಯೇ, ಎಲ್ಲಿದ್ದಳೋ ಯಲ್ಲವ್ವ, ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಕೈಯಲ್ಲಿ ಲಂಗರು.

"ತಗೋ ಸಾವಕ್ಕಾ ನಿನ್ನ ಪಾತಾಳಗರಡಿ. ನಡಕ ನಾಕ ಮನಿ ತಿರಗಿ ಬಂತು, ತಡಾ ಆತು. ಕುಬಸದ ಮುಂಚೆನ ಕೊಡಬೇಕಿತ್ತು, ಮತ್ತೇನ ಅನ್ಕೋಬ್ಯಾಡ!"

ಪಡಸಾಲೆಯ ಫ್ಯಾನಿನ ಗಾಳಿಗೆ ಸಾವಕ್ಕನ ಕೈಯ ಹಿಟ್ಟು ಹಾರಿತು. (ಅವತ್ತು ಫ್ಯಾನು ಜೋರಾಗೇ ಇತ್ತು.) ವಿಠೋಬಾ ಲಂಗರನ್ನು ನೋಡಿದ, ಯಲ್ಲವ್ವನನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ಬಹಳ ದಿನಗಳ ಮೇಲೆ ಅವನ ಬೆನ್ನು ನೆಟ್ಟಗಾಯಿತು.

"ಮುರಗೆಪ್ಪನವರ, ದೋಣಿ ಮಾರೂದಿಲ್ರಿ. ನನ್ನ ನೆನಪು ಛಲೋ ಐತಿ."

ಶಿಕ್ಷೆಯೂ ಅಲ್ಲೇ ಗೊತ್ತಾಯಿತು. ಇನ್ನು ಮೇಲೆ ಪ್ರತಿ ರವಿವಾರ ಸಾವಕ್ಕ ದೋಣಿಗೆ ಬರಬೇಕು, ಲಂಗರಿನ ಜವಾಬ್ದಾರಿ ಪೂರ್ತಿ ಅವಳದು. "ಆಗೂದಿಲ್ಲ" ಎಂದಳು. ಆಮೇಲೆ ಆ ತಂಪು ಗಾಳಿ ನೆನಪಾಗಿ, "ಹೂಂ, ನಿಮ್ಮ ಹಟಕ್ಕ ಬರ್ತೇನಿ" ಎಂದಳು.

ರವಿವಾರ ಸಾವಕ್ಕ ಲಂಗರನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ದಾರಿಯಲ್ಲಿ ಯಾರು ಕೇಳಿದರೂ ಕೊಟ್ಟಿರಲಿಲ್ಲ. ಹಾಯಿ ಉಬ್ಬಿತು, ದೋಣಿ ಹಾರಿತು, ನಡುಹೊಳೆಯಲ್ಲಿ ಗಾಳಿ ಮತ್ತೆ ನಿಂತಿತು. ವಿಠೋಬಾ ಕಪ್ತಾನನ ಠೀವಿಯಲ್ಲಿ ಕೈ ಎತ್ತಿ ಆಜ್ಞೆ ಮಾಡಿದ:

"ಲಂಗರ ಬಿಡ!"

ಸಾವಕ್ಕ ಎರಡೂ ಕೈಗಳಿಂದ ಎತ್ತಿ ಬಿಟ್ಟಳು. ಬುಳುಕ್ ಎಂದು ಹೋಯಿತು. ಜವಾಬ್ದಾರಿ ಮುಗಿಸಿದ ಸಮಾಧಾನದಲ್ಲಿ ಅವಳು ಕೈ ಒರೆಸಿಕೊಂಡಳು. ದೋಣಿ ಮಾತ್ರ ನಿಲ್ಲದೆ ಮೆಲ್ಲಗೆ ತೇಲತೊಡಗಿತು.

"ಅದರ ಹಗ್ಗ ಎಲ್ಲಿ ಐತಿ?" ವಿಠೋಬಾನ ದನಿ ಸಣ್ಣಗಾಗಿತ್ತು.

"ಮಾಳಿಗಿ ಮ್ಯಾಲ. ಮುಂಜಾನೆ ಸೀರಿ ಒಣಾ ಹಾಕೇನಲ್ರಿ."

ಇಬ್ಬರೂ ದೋಣಿಯ ಅಂಚಿಗೆ ಬಾಗಿ ಕೃಷ್ಣೆಯ ಹಸಿರು ನೀರಿನೊಳಗೆ ಬಹಳ ಹೊತ್ತು ನೋಡಿದರು.

"ಈಗೇನ ಮಾಡೂದ್ರಿ?" ಎಂದಳು ಸಾವಕ್ಕ.

"ಮಾಡೂದೇನು?" ಎಂದ ವಿಠೋಬಾ. "ಯಲ್ಲವ್ವಗ ಕೇಳ ಹೋಗು, ಓಣ್ಯಾಗ ಯಾರ ಕಡೆಯರ ಪಾತಾಳಗರಡಿ ಐತೇನು ಅಂತ."