ಓಯುವೇಲಾ ಮನೆತನದ ಲಾಂಛನ

ಎಲ್ಲಕ್ಕೂ ಕಾರಣ ಭಾವಮೈದುನನ ಬಾಗಿಲ ಮೇಲಿನ ಕಲ್ಲಿನ ಸಿಂಹ. ಲೆಯೋನ್ ಪಟ್ಟಣದ ಅಂಚೆ ಗುಮಾಸ್ತ ಸೆಲೆದೋನಿಯೋ ಓಯುವೇಲಾ ಊಟಕ್ಕೆ ಹೋದಾಗಲೆಲ್ಲ ಭಾವಮೈದುನ ಆ ಸಿಂಹ ತೋರಿಸಿ, ಮೂಗಿನಲ್ಲೇ ರಾಗ ಎಳೆಯುತ್ತಿದ್ದ: "ನಮ್ಮ್ ಹೆಸರಿಗೆ ಆರ್ನೂರು ವರ್ಷ, ಭಾವಾ. ನಿಮ್ದು ಎಲ್ಲೀದೋ?"

ಉತ್ತರ ಹೇಳಬೇಕಾಗಿದ್ದ ಅಪ್ಪ, ಹುಟ್ಟಿದೂರಿನ ಮಾತು ಬಂದರೆ ತಟ್ಟೆ ಬಿಟ್ಟು ಏಳುತ್ತಿದ್ದವನು, ಹೇಳದೆಯೇ ತೀರಿಕೊಂಡಿದ್ದ.

ನವೆಂಬರಿನ ಒಂದು ಬೆಳಿಗ್ಗೆ ಸೆಲೆದೋನಿಯೋ ಬೆಟ್ಟದ ಮೇಲಿನ ಅಪ್ಪನ ಆ ಊರಿಗೇ ಬಂದಿಳಿದ. ಇಗರ್ಜಿಯ ದಫ್ತರದಲ್ಲಿ ಹೆಸರು ಹುಡುಕಿಸಿ, ಪಾದ್ರಿಯ ಮುದ್ರೆಯೊತ್ತಿದ ಕಾಗದ ಹಿಡಿದು, ಐದರ ಬಸ್ಸಿಗೆ ವಾಪಸ್ಸು. ರಾತ್ರಿ ಅದನ್ನು ಭಾವಮೈದುನನ ಆ ಮೂಗಿನ ಕೆಳಗೇ ಇಡಬೇಕು.

ಮಂಜು ಊರಿನ ಮೇಲೆ ಹೆಣದ ಬಟ್ಟೆಯಂತೆ ಹಾಸಿತ್ತು. ಬೀದಿಯಲ್ಲಿ ಸಿಕ್ಕ ಮುದುಕಿ ಓಬ್ದೂಲಿಯಾ ಹೆಸರು ಕೇಳಿದಳು. ಹೇಳಿದ. ಕಟ್ಟೆಯ ಮೇಲಿದ್ದ ಮೂವರು ಮುದುಕರು ಒಟ್ಟಿಗೇ ಟೋಪಿ ತೆಗೆದರು.

"ಅಂತೂ ಬಂದ್ಯಲ್ಲಪ್ಪಾ! ನಮ್ಮ ಯಜಮಾನ್ರು ಮೂರು ದಿನದಿಂದ ನಿನಗೇ ಕಾಯ್ತಾ ಮಲಗಿದಾರೆ," ಎಂದಳು ಮುದುಕಿ.

"ನಾನು ಬರೋದು ಅವರಿಗೆ ಹೇಗೆ ಗೊತ್ತು?"

"ಅವರಿಗೆ ಏನು ಗೊತ್ತಾಗತ್ತೆ, ಪಾಪ!" ಮುದುಕಿ ಅವನ ಅಂಗೈ ತಿರುಗಿಸಿ ಒತ್ತಿ ನೋಡಿದಳು. "ಬೆಣ್ಣೆ ಹಾಗಿದೆ. ಇರ್ಲಿ."

ಸಂತ ಮಾರ್ತೀನನ ಹಬ್ಬಕ್ಕೆ ಕಡಿಯಲೆಂದು ಕೊಬ್ಬಿಸಿದ ಹಂದಿಯನ್ನು ಸವರುವಂತೆ ಮುದುಕರು ಅವನ ಭುಜ, ಬೆನ್ನು ಸವರಿದರು. ಒಬ್ಬ ಊರುಗೋಲಿನಿಂದ ಅವನ ಎತ್ತರ ಅಳೆದ. "ಎದೆಮಟ್ಟ ಮಣ್ಣೊಳಗೆ ಇಳಿದ್ರೆ ಸರಿಹೋಗತ್ತೆ ಕಣ್ರೋ."

ಸೆಲೆದೋನಿಯೋ ನಡೆಯಲಿಲ್ಲ, ಇಗರ್ಜಿಗೆ ಓಡಿದ.

ಪಾದ್ರಿ ದಫ್ತರ ಬಿಚ್ಚಿದ. ನಾನೂರು ವರ್ಷದ ಓಯುವೇಲಾಗಳು! ಒಂದೊಂದು ಹೆಸರಿನ ಮುಂದೂ ಸಾಲು ಸಾಲು ಕಪ್ಪು ಶಿಲುಬೆ. ಕೊನೆಗೆ ಅಪ್ಪನ ಹೆಸರು. ಮುಂದೆ ಮೂರೇ ಶಿಲುಬೆ, ಆಮೇಲೆ ಅಡ್ಡಗೀಟು. ಪಕ್ಕದಲ್ಲಿ ಬರೆದಿತ್ತು: 'ಓಡಿಹೋದ.'

"ಯಾ... ಯಾರಿಂದ?"

"ಈ ಹೆಸರು ನನ್ನದು ಅಂತ ರುಜು ಹಾಕಿ. ಮುದ್ರೆ ಒತ್ತಿಕೊಡ್ತೀನಿ," ಎಂದ ಪಾದ್ರಿ.

ಕಿಟಕಿಯ ಗಾಜಿಗೆ ಊರವರ ಮುಖಗಳು ಅಂಟಿಕೊಂಡಿದ್ದವು. ಓಡಬೇಕೆನಿಸಿತು. ಆದರೆ ಕಿವಿಯಲ್ಲಿ ಆ ಮೂಗಿನ ರಾಗ: ನಿಮ್ದು ಎಲ್ಲೀದೋ? ಹಲ್ಲು ಕಚ್ಚಿ ರುಜು ಹಾಕಿದ.

ತಕ್ಷಣ ಸಾವಿನ ಗಂಟೆ ಮೊಳಗಿತು. ಬಟ್ಟೆ ಸುತ್ತಿದ ಉದ್ದನೆಯದೇನನ್ನೋ ಹೊತ್ತು ಮುದುಕರು ಒಳಗೆ ಬಂದರು. ಸೆಲೆದೋನಿಯೋ ಪಾದ್ರಿಯ ಬೆನ್ನ ಹಿಂದೆ ಅಡಗಿದ.

"ಕೊಲ್ಲಬೇಡ್ರಪ್ಪಾ! ಹೆಂಡ್ತಿ ಇದಾಳೆ!"

"ಕೊಲ್ಲೋದಾ? ಆ ಕೆಲ್ಸ ವಯಸ್ಸು ನೋಡ್ಕೊಳತ್ತೆ," ಎಂದ ಊರುಗೋಲಿನ ಮುದುಕ. "ನಮ್ಮೂರಲ್ಲಿ ಒಂದೊಂದು ಹೆಸರಿಗೂ ಒಂದೊಂದು ಊರಸೇವೆ. ಗಂಟೆ ಬಾರ್ಸೋದು ನಮ್ಮನೇದು, ಊರ ಹೋರಿ ಸಾಕೋದು ಇವರ ಮನೇದು. ಹೆಣಕ್ಕೆ ಗುಂಡಿ ತೋಡೋದು ನಿಮ್ಮನೇದು, ಒಂದು ಗುಂಡಿಗೆ ಒಂದು ಶಿಲುಬೆ. ಓಯುವೇಲಾ ಅಂದ್ರೇ ಗುಂಡಿ, ಹೆಸರು ಬಂದಿದ್ದೇ ಅದರಿಂದ. ನಿಮ್ಮಪ್ಪ ಓಡಿಹೋದ ಮೇಲೆ ಆಚೆ ಊರೋನನ್ನ ಕರೆಸ್ತಿದ್ವಿ. ಸೋಮವಾರ ಅವನೂ ಸತ್ತ."

ಬಟ್ಟೆ ಬಿಚ್ಚಿದರು. ಸವೆದ ಸಲಿಕೆ. ಹಿಡಿಯ ಮೇಲೆ ಕೆತ್ತಿದ ಲಾಂಛನ: ಅಡ್ಡಡ್ಡ ಎರಡು ಸಲಿಕೆ, ನಡುವೆ ತಲೆಬುರುಡೆ.

"ನಾನು ಒಲ್ಲೆ ಅಂದ್ರೆ?"

"ಹೆಸರು ಹೊಡೆದುಹಾಕ್ತೀನಿ," ಎಂದ ಪಾದ್ರಿ, ಮುದ್ರೆಯನ್ನು ಕಾಗದದ ಮೇಲೆ ಎತ್ತಿ ಹಿಡಿದೇ.

ಸೆಲೆದೋನಿಯೋ ಮುದ್ರೆ ನೋಡಿದ. ಸಲಿಕೆ ನೋಡಿದ.

"ಮೊದ್ಲು ನಮ್ಮ ಯಜಮಾನ್ರದು ಮುಗಿಸಪ್ಪಾ," ಎಂದಳು ಮುದುಕರ ಹಿಂದೆಯೇ ಬಂದಿದ್ದ ಓಬ್ದೂಲಿಯಾ, ಮೂಗಿಗೆ ಶಾಲು ಹಿಡಿದು. "ಮೂರು ದಿನ ಆಯ್ತಲ್ಲ."

ಐದರ ಬಸ್ಸು ಕೆಳಗಿನ ತಿರುವಿನಲ್ಲಿ ಹಾರನ್ ಹೊಡೆದು ಹೊರಟಾಗ, ಜೇಬಿನಲ್ಲಿ ಮುದ್ರೆಯ ಕಾಗದ ಇಟ್ಟುಕೊಂಡ ಸೆಲೆದೋನಿಯೋ ಓಯುವೇಲಾ ಮನೆತನದ ಮೂಲದಲ್ಲಿ ಎದೆಮಟ್ಟ ಇಳಿದಿದ್ದ.